ಹಿಂದಕ್ಕೆ ತಿರುಗುವ ಚಕ್ರ: ಡಿಜಿಟಲ್ ಮಾರುವೇಷದ ಕಥೆ

ಹಳೇ ಸಿನಿಮಾಗಳಲ್ಲಿ ಕುದುರೆ ಗಾಡಿ ಮುಂದಕ್ಕೆ ಓಡುತ್ತಿರುತ್ತದೆ, ಚಕ್ರ ಮಾತ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ. ಎರಡು ಚಿತ್ರಗಳ ನಡುವೆ ಚಕ್ರದ ಒಂದು ಕಡ್ಡಿ ಓಡಿ ಬಂದು, ಮುಂದಿನ ಕಡ್ಡಿ ಇದ್ದ ಜಾಗಕ್ಕಿಂತ ಸ್ವಲ್ಪ ಹಿಂದೆ ಸಿಕ್ಕಿಬಿದ್ದರೆ, ಮುಂದಿನ ಕಡ್ಡಿಯೇ ಹಿಂದೆ ಸರಿಯಿತು ಎಂದು ನಮ್ಮ ಕಣ್ಣು ತಿಳಿಯುತ್ತದೆ.

ಇದಕ್ಕೆ ಇಂಜಿನಿಯರುಗಳು ಇಟ್ಟ ಹೆಸರು ಅಲಿಯಾಸಿಂಗ್. ಪೊಲೀಸ್ ಸುದ್ದಿಯಲ್ಲಿ ಆರೋಪಿಯ ಹೆಸರಿನ ಪಕ್ಕ 'ಅಲಿಯಾಸ್' ಎಂದು ಬರೆದು ಇನ್ನೊಂದು ಹೆಸರು ಹಾಕುತ್ತಾರಲ್ಲ, ಅದೇ ಪದ. ಒಂದು ವಸ್ತು ಇನ್ನೊಂದರ ವೇಷದಲ್ಲಿ ಬರುವುದು.

ಮಂಡಿಯಲ್ಲಿ ಚೀಲದಿಂದ ಒಂದು ಹಿಡಿ ಕಾಳು ತೆಗೆದು ಇಡೀ ಮಾಲಿನ ಬೆಲೆ ಕಟ್ಟುತ್ತಾರೆ. ಡಿಜಿಟಲ್ ಯಂತ್ರವೂ ಹಾಗೆಯೇ ದನಿ, ಚಿತ್ರಗಳಿಂದ ಸ್ಯಾಂಪಲ್ ತೆಗೆಯುತ್ತದೆ. ಎಷ್ಟು ತೆಗೆದರೆ ಸಾಕು? ಇದರ ಲೆಕ್ಕಕ್ಕೆ ದಾರಿ ತೋರಿಸಿದವರಲ್ಲಿ ಒಬ್ಬರು ಸ್ವೀಡನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಹ್ಯಾರಿ ನೈಕ್ವಿಸ್ಟ್. 1928ರಲ್ಲಿ ಅವರು ಬರೆದದ್ದು ಟೆಲಿಗ್ರಾಫ್ ಬಗ್ಗೆ. ಸೋವಿಯತ್ ಒಕ್ಕೂಟದ ಕೊಟೆಲ್ನಿಕೊವ್ 1933ರಲ್ಲಿ, ಅಮೆರಿಕದ ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಪಕ್ಕಾ ನಿಯಮವಾಗಿ ಬರೆದರು. ದನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೋ ಅದರ ಎರಡು ಪಟ್ಟಿಗಿಂತ ಹೆಚ್ಚು ಸ್ಯಾಂಪಲ್ ಬೇಕು.

ಕಡಿಮೆಯಾದರೆ ಆ ದನಿ ಕಾಣೆಯಾಗುವುದಿಲ್ಲ, ವೇಷ ಬದಲಿಸಿ ಬರುತ್ತದೆ. ತೊಂದರೆ ಇರುವುದು ಇಲ್ಲೇ. ಸೆಕೆಂಡಿಗೆ 8000 ಸ್ಯಾಂಪಲ್ ತೆಗೆಯುವಾಗ 5000 ಸಲ ಕಂಪಿಸುವ ದನಿ ಬಂದರೆ, ಅದು 3000ದ ದನಿಯಾಗಿ ದಾಖಲಾಗುತ್ತದೆ. ನಿಜವಾದ 3000ದ ದನಿಗೂ ಇದಕ್ಕೂ ಆಮೇಲೆ ವ್ಯತ್ಯಾಸ ಹುಡುಕಲು ಆಗುವುದಿಲ್ಲ. ಆದ್ದರಿಂದ ಜರಡಿ ಹಿಡಿಯಬೇಕಾದದ್ದು ಸ್ಯಾಂಪಲ್ ತೆಗೆಯುವುದಕ್ಕೆ ಮೊದಲು. 1962ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ವ್ಯವಸ್ಥೆ ಮಾತನ್ನು ಅಂಕಿಗಳಾಗಿ ಸಾಗಿಸಲು ಶುರು ಮಾಡಿದಾಗ ಹೀಗೇ ಮಾಡಿತು. 4000ಕ್ಕಿಂತ ಮೇಲಿನ ದನಿಯನ್ನು ಮೊದಲೇ ಸೋಸಿ, ಸೆಕೆಂಡಿಗೆ 8000 ಸ್ಯಾಂಪಲ್ ತೆಗೆಯಿತು. ಅದಕ್ಕೆ ಕೊಟ್ಟ ಬೆಲೆಯೂ ಇದೆ. ಹಳೇ ಫೋನಿನಲ್ಲಿ 'ಸ' ಮತ್ತು 'ಫ' ಒಂದೇ ಥರ ಕೇಳಿಸುತ್ತಿದ್ದುದು ಈ ಸೋಸುವಿಕೆಯಿಂದಲೂ ಹೌದು.

1982ರಲ್ಲಿ ಬಂದ ಸಿ.ಡಿ.ಗೆ ಹಾಡು ಬೇಕಿತ್ತು. ಮನುಷ್ಯರ ಕಿವಿ ಸುಮಾರು 20,000ದವರೆಗೆ ಕೇಳುತ್ತದೆ, ಎರಡು ಪಟ್ಟು ಅಂದರೆ 40,000. ಆದರೆ ಸಿ.ಡಿ.ಯಲ್ಲಿರುವುದು 44,100. ಆಗ ಡಿಜಿಟಲ್ ದನಿಯನ್ನು ವಿಡಿಯೊ ಟೇಪಿನಲ್ಲಿ ತುಂಬಿಸುತ್ತಿದ್ದರು, ಈ ಸಂಖ್ಯೆ ಆ ಟೇಪಿನ ಗೆರೆಗಳ ಲೆಕ್ಕಕ್ಕೆ ಸರಿಹೊಂದುತ್ತಿತ್ತು. ಸೋಸಲು ಸ್ವಲ್ಪ ಜಾಗವೂ ಉಳಿಯಿತು.

ಚಿತ್ರಗಳಲ್ಲಿಯೂ ಇದೇ ಕಾಟ. ಕಂಪ್ಯೂಟರ್ ಪರದೆ ಚಿಕ್ಕ ಚೌಕಗಳ ಗದ್ದೆ ಇದ್ದಂತೆ. ಓರೆ ಗೆರೆ ಎಳೆದರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. 1977ರಲ್ಲಿ ಅಮೆರಿಕದ ಫ್ರಾಂಕ್ ಕ್ರೋ, ಇದು ಕೂಡ ಅಲಿಯಾಸಿಂಗ್ ಎಂದು ವಿವರಿಸಿ ಪ್ರಬಂಧ ಬರೆದರು. ಪರಿಹಾರ ಸರಳ: ಗೆರೆ ಒಂದು ಚೌಕದ ಅರ್ಧ ಭಾಗ ಮುಚ್ಚಿದ್ದರೆ ಅದಕ್ಕೆ ಅರ್ಧ ಬಣ್ಣ ಹಾಕುವುದು. ಇದೇ ಆಂಟಿ-ಅಲಿಯಾಸಿಂಗ್. ನೀವು ಈಗ ಓದುತ್ತಿರುವ ಕನ್ನಡ ಅಕ್ಷರಗಳೆಲ್ಲ ದುಂಡು ದುಂಡು. ಸ್ಕ್ರೀನ್‌ಶಾಟ್ ತೆಗೆದು ತುಂಬಾ ದೊಡ್ಡದು ಮಾಡಿ ನೋಡಿ, ಅಂಚಿನಲ್ಲಿ ಬೂದು ಬಣ್ಣದ ಚೌಕಗಳು ಕಾಣುತ್ತವೆ.

ಈ ಇತಿಹಾಸ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಸಣ್ಣ ಚೌಕುಳಿಯ ಇಳಕಲ್ ಸೀರೆಯ ಫೋಟೊವನ್ನು ನೇಕಾರರು ವಾಟ್ಸಾಪ್‌ನಲ್ಲಿ ಕಳಿಸಿದಾಗ, ಅದರಲ್ಲಿ ಇಲ್ಲದ ಅಲೆಗಳು ಮೂಡಬಹುದು. ಗಿರಾಕಿ ನೇಯ್ಗೆಯೇ ಕೆಟ್ಟಿದೆ ಎಂದು ಬೆಲೆ ಇಳಿಸಬಹುದು. ಆಗ ಸ್ವಲ್ಪ ಹತ್ತಿರದಿಂದ ಒಂದು, ದೂರದಿಂದ ಒಂದು ಫೋಟೊ ತೆಗೆದು ಹೋಲಿಸಿ. ಅಲೆಗಳು ಜಾಗ ಬದಲಿಸಿದರೆ ಅವು ಕ್ಯಾಮೆರಾದವು. ಅಲ್ಲೇ ನಿಂತರೆ ಸೀರೆಯನ್ನೇ ಬಿಚ್ಚಿ ನೋಡಬೇಕು.