ಕೌದಿ: ಹಳೆಯ ಅರಿವೆಯ ಎರಡನೆಯ ಬಾಳು

ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಕೌಶಾಂಬಿಯ ಅರಸನಾದ ಉದಯನನ ಅಂತಃಪುರದ ಸ್ತ್ರೀಯರು ಭಿಕ್ಷು ಆನಂದನಿಗೆ ಐನೂರು ವಸ್ತ್ರಗಳನ್ನು ದಾನ ಮಾಡುತ್ತಾರೆ. ಸಂಗತಿ ತಿಳಿದ ಅರಸನಿಗೆ ಅಸಮಾಧಾನವಾಗುತ್ತದೆ. ಸರ್ವವನ್ನೂ ತೊರೆದವನಿಗೆ ಇಷ್ಟು ಬಟ್ಟೆ ಏಕೆ? ಅವನೇನು ಅರಿವೆಯ ವ್ಯಾಪಾರಕ್ಕೆ ಇಳಿಯುವನೆ? ಅರಸನು ಆನಂದನ ಬಳಿಗೇ ಹೋಗಿ ವಿಚಾರಿಸುತ್ತಾನೆ. ಚೀವರ ಹರಿದುಹೋದ ಭಿಕ್ಷುಗಳಿಗೆ ಇವನ್ನು ಹಂಚುವೆವು ಎಂದು ಆನಂದನ ಉತ್ತರ. ಹರಿದ ಹಳೆಯ ಚೀವರಗಳನ್ನು ಏನು ಮಾಡುವಿರಿ? ಅವು ಮೇಲುಹಾಸಾಗುತ್ತವೆ. ಹಳೆಯ ಮೇಲುಹಾಸು? ಹಾಸಿಗೆಯ ಗವಸಣಿಗೆಯಾಗುತ್ತದೆ. ಹಳೆಯ ಗವಸಣಿಗೆ ನೆಲಹಾಸಾಗುತ್ತದೆ, ನೆಲಹಾಸು ಕಾಲೊರಸಾಗುತ್ತದೆ, ಕಾಲೊರಸು ಧೂಳು ಒರೆಸುವ ಅರಿವೆಯಾಗುತ್ತದೆ. ಅದೂ ಜೀರ್ಣವಾದ ಮೇಲೆ ಚೂರುಚೂರು ಮಾಡಿ ಮಣ್ಣಿನೊಡನೆ ಕಲಸಿ ಮೆತ್ತಲಾಗುತ್ತದೆ. ಅರಸನು ಸಂತುಷ್ಟನಾಗಿ ಇನ್ನೂ ಐನೂರು ವಸ್ತ್ರಗಳನ್ನು ಕೊಟ್ಟನೆಂದು ಪ್ರಸಂಗವು ಮುಗಿಯುತ್ತದೆ.

ಈ ಸಂವಾದದಲ್ಲಿ ಗಮನಿಸಬೇಕಾದದ್ದು ಮಿತವ್ಯಯದ ಜಾಣ್ಮೆಯನ್ನಷ್ಟೇ ಅಲ್ಲ, ಅದರ ಕ್ರಮವನ್ನು. ವಸ್ತುವು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ; ಯಾವ ಮೆಟ್ಟಿಲನ್ನೂ ಹಾರುವುದಿಲ್ಲ; ಕೊನೆಯ ಮೆಟ್ಟಿಲು ಮಣ್ಣು. ಇದೇ ಕ್ರಮವನ್ನು ಯಾವ ಗ್ರಂಥದ ನೆರವೂ ಇಲ್ಲದೆ ನಡೆಸಿಕೊಂಡು ಬಂದವರು ಈ ದೇಶದ ಗೃಹಿಣಿಯರು. ಅವರ ಕೈಯಲ್ಲಿ ಅದು ಪಡೆದ ಅತ್ಯಂತ ಪರಿಚಿತವಾದ ರೂಪವೇ ಕೌದಿ.

ಕೌದಿಯೆಂಬುದು ಉತ್ತರ ಕರ್ನಾಟಕದ ಹೆಸರು. ಬೊಂತೆ, ಕಂಥೆ ಎಂಬ ಪದಗಳೂ ಕನ್ನಡದಲ್ಲಿವೆ. ಮರಾಠಿಯಲ್ಲಿ ಅದು ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಸಿಂಧ್ ಪ್ರಾಂತದಲ್ಲಿ ರಲ್ಲಿ. ಹೆಸರು ಬೇರೆ ಬೇರೆಯಾದರೂ ಕೆಲಸ ಒಂದೇ: ಉಟ್ಟು ಸವೆದ ಸೀರೆ, ಧೋತರ, ಅಂಗಿಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ದಾರವೋಡಿಸಿ, ಹಾಸುವುದಕ್ಕೂ ಹೊದೆಯುವುದಕ್ಕೂ ಒದಗುವ ಒಂದು ಗಟ್ಟಿಯಾದ ಅರಿವೆಯನ್ನು ಮಾಡಿಕೊಳ್ಳುವುದು.

ಇಷ್ಟೊಂದು ವ್ಯಾಪಕವಾದ ಈ ಕಲೆಯ ಪ್ರಾಚೀನ ಮಾದರಿಗಳು ಮಾತ್ರ ಉಳಿದಿಲ್ಲ. ಶಾಸನ ಕಲ್ಲಿನಲ್ಲಿ ಉಳಿಯಿತು, ಕಾವ್ಯ ಓಲೆಯಲ್ಲಿ ಉಳಿಯಿತು; ಕೌದಿ ಉಳಿಯಲಿಲ್ಲ. ಅದಕ್ಕೆ ಕಾರಣ ಹತ್ತಿಯ ಅಲ್ಪಾಯುಷ್ಯವೊಂದೇ ಅಲ್ಲ. ಹರಿದ ಕೌದಿಯನ್ನು ಯಾರೂ ತೆಗೆದಿಡಲಿಲ್ಲ. ಅದು ಮತ್ತೊಂದು ಕೌದಿಯ ಒಳಪದರವಾಯಿತು, ಅಲ್ಲಿಯೂ ಸವೆದು ಒರೆಸುವ ಅರಿವೆಯಾಯಿತು, ಕೊನೆಗೆ ತಿಪ್ಪೆಯಲ್ಲಿ ಕರಗಿತು. ವಸ್ತುಸಂಗ್ರಹಾಲಯಗಳಲ್ಲಿ ಇಂದು ಕಾಣುವ ಹಳೆಯ ಕಾಂಥಾಗಳು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದವು, ಅವೂ ವಿಶೇಷ ಸಂದರ್ಭಗಳಿಗಾಗಿ ಜೋಪಾನವಾಗಿ ಇಟ್ಟವು. ದಿನನಿತ್ಯದ ಬಳಕೆಯ ಕೌದಿ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿ ಮುಗಿಸಿತು. ಇತಿಹಾಸಕಾರನಿಗೆ ಅದು ನಷ್ಟ. ಕೌದಿಗೆ ಅದೇ ಸಾರ್ಥಕತೆ.

ಬಟ್ಟೆಯ ಚೂರನ್ನೂ ಎಸೆಯದ ಈ ಎಚ್ಚರದ ಹಿಂದೆ ಶ್ರಮದ ಲೆಕ್ಕವಿತ್ತು. ಗಿರಣಿಗಳು ಬರುವ ಮುನ್ನ ಒಂದು ಸೀರೆಯೆಂದರೆ ಅನೇಕರ ಅನೇಕ ದಿನಗಳ ದುಡಿಮೆ. ಹತ್ತಿ ಬಿಡಿಸಬೇಕು, ಬೀಜ ತೆಗೆಯಬೇಕು, ಹಿಂಜಬೇಕು, ನೂಲಬೇಕು, ಗಂಜಿ ಹಾಕಿ ಹಾಸು ಹೂಡಬೇಕು, ನೇಯಬೇಕು, ಬಣ್ಣ ಕಟ್ಟಬೇಕು. ಒಂದು ಮಗ್ಗಕ್ಕೆ ಬೇಕಾದ ನೂಲನ್ನು ಒದಗಿಸಲು ಹಲವರು ರಾಟೆಯ ಮುಂದೆ ಕೂರಬೇಕಾಗುತ್ತಿತ್ತು. ಅಂಥ ಬಟ್ಟೆಯನ್ನು ಒಂದೆಡೆ ಹರಿಯಿತೆಂದು ಬಿಸುಡುವುದು ಅಷ್ಟು ಜನರ ದುಡಿಮೆಯನ್ನು ಬಿಸುಟಂತೆ. 1850ರ ದಶಕದಲ್ಲಿ ಮುಂಬಯಿಯಲ್ಲಿ ಹತ್ತಿಯ ಗಿರಣಿಗಳು ಆರಂಭವಾದವು. ಲಂಕಾಶೈರಿನ ಬಟ್ಟೆ ಅದಕ್ಕೂ ಮೊದಲೇ ಬಂದಿತ್ತು. ಬಟ್ಟೆಯ ಬೆಲೆ ಇಳಿಯಿತು. ಆದರೂ ಬಡವರ ಮನೆಯಲ್ಲಿ ಕೌದಿಯ ಅಗತ್ಯ ಇಳಿಯಲಿಲ್ಲ.

ಕೌದಿ ಹೊಲಿಯುವುದಕ್ಕೆ ಬೇಕಾದ ಸಾಧನಗಳು ಅತ್ಯಲ್ಪ: ಒಂದು ದಪ್ಪ ಸೂಜಿ, ಗಟ್ಟಿ ದಾರ, ಹಾಸಲು ಸಾಕಷ್ಟು ನೆಲ. ಸುಗ್ಗಿ ಮುಗಿದ ಬಿಡುವಿನಲ್ಲಿ, ಮಧ್ಯಾಹ್ನದ ಹೊತ್ತು, ಪಡಸಾಲೆಯಲ್ಲಿಯೋ ಮರದ ನೆರಳಿನಲ್ಲಿಯೋ ಹಳೆಯ ಸೀರೆಯೊಂದನ್ನು ಸುಕ್ಕಿಲ್ಲದಂತೆ ಹರಡಿ, ಅದರ ಮೇಲೆ ಒಗೆದು ಒಣಗಿಸಿದ ತುಂಡುಗಳನ್ನು ಜೋಡಿಸಲಾಗುತ್ತದೆ. ಹೆಚ್ಚು ಸವೆದ ತುಂಡುಗಳು ಒಳಪದರಕ್ಕೆ. ಬಣ್ಣ ಉಳಿದವು, ಅಂಚು ಗಟ್ಟಿಯಿರುವವು ಮೇಲುಪದರಕ್ಕೆ. ನಾಲ್ಕು ಬದಿಯಿಂದ ನಾಲ್ವರು ಕುಳಿತರೆ ಕೆಲಸ ಬೇಗ ಸಾಗುತ್ತದೆ. ಮಾತೂ ಹಾಡೂ ಜೊತೆಗೂಡುತ್ತವೆ. ಕೂಲಿಗಾಗಿ ಕೌದಿ ಹೊಲಿದುಕೊಡುವ ಹೆಂಗಸರೂ ಉಂಟು. ತೊಟ್ಟಿಲಿಗೆ ಪುಟ್ಟ ಕೌದಿಯೇ ಆಗಬೇಕು. ಹಲವು ವರ್ಷ ಒಗೆತ ಕಂಡ ಸೀರೆಯಷ್ಟು ಮೆತ್ತನೆಯ ಅರಿವೆ ಕೂಸಿನ ಮೈಗೆ ಬೇರೊಂದಿಲ್ಲ. ಅಜ್ಜಿಯ ಸೀರೆಯ ಅಂಚು, ಅಪ್ಪನ ಅಂಗಿಯ ತೋಳು, ಅಕ್ಕನ ಖಣದ ತುಣುಕು ಒಂದೇ ಹೊದಿಕೆಯಲ್ಲಿ ಕೂಡಿ, ಮನೆತನದ ಲಿಪಿಯಿಲ್ಲದ ದಾಖಲೆಯಂತೆ ಉಳಿಯುತ್ತವೆ.

ಈ ಕಲೆಯ ಒಂದು ವಿಶಿಷ್ಟ ರೂಪ ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದಲ್ಲಿದೆ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರಾದ ಸಿದ್ದಿಗಳಲ್ಲಿ ಅನೇಕರ ಪೂರ್ವಜರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ನೆಲೆಸಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರು ‘ಕವಂದಿ’ ಎಂದು ಕರೆಯುವ ಕೌದಿಯ ಹೊಲಿಗೆ ಒಂದು ಮೂಲೆಯಿಂದ ಆರಂಭವಾಗಿ, ಅಂಚನ್ನು ಸುತ್ತುತ್ತ, ಸುತ್ತು ಸುತ್ತಾಗಿ ನಡುವನ್ನು ತಲುಪುತ್ತದೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಮುಕ್ಕೋನದ ‘ಫೂಲ’, ಅಂದರೆ ಹೂವು, ಕೂಡಿಸಬೇಕು. ಈ ಕೌದಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಾಲ್ ಅವರು ಒಂದು ಸಂಗತಿಯನ್ನು ದಾಖಲಿಸಿದ್ದಾರೆ: ಹೂವಿಲ್ಲದ ಕೌದಿ ಸಿದ್ದಿ ಹೆಂಗಸರ ದೃಷ್ಟಿಯಲ್ಲಿ ಬೆತ್ತಲೆಯಾದ ಕೌದಿ.

ಈ ನಂಬಿಕೆ ಬಹಳ ದೊಡ್ಡದೊಂದನ್ನು ಹೇಳುತ್ತದೆ. ಹೂವಿನಿಂದ ಕೌದಿ ಹೆಚ್ಚು ಬೆಚ್ಚಗಾಗುವುದಿಲ್ಲ, ಹೆಚ್ಚು ಬಾಳುವುದೂ ಇಲ್ಲ. ಆದರೂ ಉಡಲು ಹೊದೆಯಲು ಸಾಲದ ಬದುಕಿನಲ್ಲಿ ಹರಿದ ಅರಿವೆಯ ಒಂದು ತುಂಡನ್ನು ಕೇವಲ ಚೆಲುವಿಗಾಗಿ ಎತ್ತಿಡಲಾಯಿತು. ಅಲಂಕಾರವು ಉಳ್ಳವರ ವಿಲಾಸವೆಂಬ ಮಾತು ಇಲ್ಲಿ ಸುಳ್ಳಾಗುತ್ತದೆ. ಇಲ್ಲದವರಿಗೂ ಬೇಕಾದ ಘನತೆ ಅದು.

ಬಂಗಾಳದ ಕಾಂಥಾ ಈ ಮಾತಿಗೆ ಇನ್ನೊಂದು ಸಾಕ್ಷಿ. ಅಲ್ಲಿ ಕಸೂತಿಯ ಬಣ್ಣದ ಎಳೆಗಳನ್ನು ಹಳೆಯ ಸೀರೆಯ ಅಂಚಿನಿಂದಲೇ ಬಿಡಿಸಿ ತೆಗೆಯಲಾಗುತ್ತಿತ್ತು. ಹೊದಿಕೆಯೂ ಹಳೆಯದು, ಅದರ ಮೇಲಿನ ಕಮಲವೂ ಹಳೆಯ ನೂಲಿನದು. ಗುರುಸದಯ ದತ್ತರು ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ ಹಳ್ಳಿಗಳಿಂದ ಇಂಥ ಕಾಂಥಾಗಳನ್ನು ಸಂಗ್ರಹಿಸಿದರು. 1929ರಲ್ಲಿ ಕವಿ ಜಸೀಮುದ್ದೀನರು ಕಾಂಥಾದ ಹೆಸರಿನಲ್ಲಿಯೇ ಒಂದು ಕಥನಕಾವ್ಯವನ್ನು ಪ್ರಕಟಿಸಿದರು. 1939ರಲ್ಲಿ ಕಲಾವಿದುಷಿ ಸ್ಟೆಲ್ಲಾ ಕ್ರಾಮ್ರಿಶ್ ಅವರು ಕಾಂಥಾವನ್ನು ಕುರಿತು ಗಂಭೀರವಾದ ಪ್ರಬಂಧವನ್ನು ಬರೆದರು. ಮನೆಯ ಮೂಲೆಯಲ್ಲಿ ಹುಟ್ಟಿದ ಚಿಂದಿಯ ಕೆಲಸ ಹೀಗೆ ವಿದ್ವಾಂಸರ ಕಣ್ಣಿಗೆ ಬಿತ್ತು.

ದೇಶದ ಹೊರಗೂ ಕಥೆ ಬೇರೆಯಲ್ಲ. ಜಪಾನಿನ ಉತ್ತರದ ಚಳಿನಾಡಿನಲ್ಲಿ ಹತ್ತಿ ಬೆಳೆಯದ ಕಾರಣ ರೈತರು ದಕ್ಷಿಣದಿಂದ ಹಡಗಿನಲ್ಲಿ ಬರುತ್ತಿದ್ದ ಹಳೆಯ ಹತ್ತಿಬಟ್ಟೆಯ ಚೂರುಗಳನ್ನು ತೇಪೆಯ ಮೇಲೆ ತೇಪೆಯಾಗಿ ಹೊಲಿದುಕೊಳ್ಳುತ್ತಿದ್ದರು. ಅಂಥ ಅರಿವೆಗೆ ‘ಬೊರೊ’ ಎಂದು ಹೆಸರು. ಚಿಂದಿಯೆಂದೇ ಅದರ ಅರ್ಥ. ಅಮೆರಿಕದ ಅಲಬಾಮ ರಾಜ್ಯದ ಗೀಸ್ ಬೆಂಡ್ ಎಂಬ ಊರಿನ ಕರಿಯ ಹೆಂಗಸರು, ಹತ್ತಿಹೊಲದ ಗುಲಾಮರ ಸಂತತಿಯವರು, ಸವೆದ ದುಡಿಮೆಯ ಬಟ್ಟೆಗಳಿಂದ ಕೌದಿ ಹೊಲಿದರು. ಅವರಲ್ಲಿ ಮಿಸ್ಸೂರಿ ಪೆಟ್ವೆ ಎಂಬಾಕೆ 1942ರಲ್ಲಿ ಗಂಡನನ್ನು ಕಳೆದುಕೊಂಡಾಗ ಅವನು ಹೊಲದಲ್ಲಿ ತೊಡುತ್ತಿದ್ದ ಬಟ್ಟೆಗಳನ್ನೆಲ್ಲ ಸೇರಿಸಿ ಒಂದು ಹೊದಿಕೆ ಹೊಲಿದಳು. ಅವನ ನೆನಪನ್ನು ಹೊದ್ದು ಮಲಗುವುದು ಅವಳ ಉದ್ದೇಶವಾಗಿತ್ತೆಂದು ಮಗಳು ಮುಂದೆ ಹೇಳಿದ್ದುಂಟು. 1966ರಲ್ಲಿ ಆ ಪ್ರದೇಶದ ಹೆಂಗಸರು ಸಹಕಾರ ಸಂಘವೊಂದನ್ನು ಕಟ್ಟಿಕೊಂಡರು. 2002ರಲ್ಲಿ ಅವರ ಕೌದಿಗಳು ಹ್ಯೂಸ್ಟನ್ ನಗರದ ಕಲಾಸಂಗ್ರಹಾಲಯದ ಗೋಡೆಗಳನ್ನು ಏರಿದವು.

ಕೌದಿಗೆ ಸಾಲದೆ ಉಳಿದ ತುಣುಕುಗಳೂ ಮನೆಯಲ್ಲಿ ವ್ಯರ್ಥವಾಗಲಿಲ್ಲ. ಖಣದ ಚೂರುಗಳಿಂದ ಕೂಸಿನ ಕುಂಚಿಗೆಯಾಯಿತು, ಅರಿವೆಯ ಸುರುಳಿಯಿಂದ ಕೊಡದ ಸಿಂಬಿಯಾಯಿತು, ಧೋತರದ ಅಂಚಿನಿಂದ ದೀಪದ ಬತ್ತಿಯಾಯಿತು. ಒಡೆದ ಬಳೆಯ ಚೂರುಗಳನ್ನು ದೀಪದ ಉರಿಗೆ ಹಿಡಿದು ಬಾಗಿಸಿ, ಒಂದರೊಳಗೊಂದು ಕೊಂಡಿ ಹಾಕಿ ಬಾಗಿಲಿಗೆ ಸರ ಮಾಡಲಾಯಿತು. ರದ್ದಿ ಕಾಗದವನ್ನು ನೆನೆಯಿಟ್ಟು, ಮೆಂತ್ಯ ಸೇರಿಸಿ ಅರೆದು, ಮಡಕೆಯ ಬೆನ್ನಿಗೆ ಮೆತ್ತಿ ಒಣಗಿಸಿದರೆ ಹಗುರವಾದ ಬುಟ್ಟಿ ಸಿದ್ಧವಾಗುತ್ತಿತ್ತು. ಲಂಬಾಣಿ ಹೆಂಗಸರು ಚಲಾವಣೆ ತಪ್ಪಿದ ನಾಣ್ಯಗಳನ್ನೂ ಕವಡೆಗಳನ್ನೂ ಬಟ್ಟೆಯ ತುಂಡುಗಳ ಮೇಲೆ ಹೊಲಿದು ಒಡವೆಯ ಕೊರತೆಯನ್ನು ತುಂಬಿಕೊಂಡರು. ಇವುಗಳಲ್ಲಿ ಯಾವುದಕ್ಕೂ ಅಂಗಡಿಗೆ ಹೋಗುವ ಪ್ರಮೇಯವಿರಲಿಲ್ಲ.

ಹಾಗಾದರೆ ಇದೆಲ್ಲವೂ ಸದ್ಗುಣವೆ, ಅಥವಾ ಬಡತನದ ಬಲವಂತವೆ? ಪ್ರಶ್ನೆಯನ್ನು ಮರೆಮಾಚುವುದು ಪ್ರಾಮಾಣಿಕವಾಗದು. ಬಹುತೇಕ ಹೆಂಗಸರು ಕೌದಿ ಹೊಲಿದದ್ದು ಕಂಬಳಿ ಕೊಳ್ಳುವ ಶಕ್ತಿಯಿಲ್ಲದೆ. ಅವರ ಕೊರತೆಯನ್ನು ದೂರದಿಂದ ಕಂಡು ಸರಳತೆಯೆಂದು ಹೊಗಳುವುದು ಸುಲಭ. ಆದರೆ ಕೇವಲ ಬಲವಂತದಿಂದ ಬಂದ ಮಿತವ್ಯಯದ ಆಯುಷ್ಯ ಎಷ್ಟೆಂಬುದಕ್ಕೂ ಇತಿಹಾಸದಲ್ಲಿ ನಿದರ್ಶನವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ 1941ರಿಂದ ಬಟ್ಟೆಗೆ ಪಡಿತರ ಬಂತು. ಹಳೆಯದನ್ನು ತೇಪೆ ಹಾಕಿ ಹೊಸದು ಮಾಡಿಕೊಳ್ಳುವ ವಿಧಾನಗಳನ್ನು ಕಲಿಸಲು ಸರ್ಕಾರವೇ 1943ರಲ್ಲಿ ಕಿರುಪುಸ್ತಿಕೆಯನ್ನು ಹೊರತಂದಿತು. ಅದೇ ವರ್ಷ ಭಾರತದಲ್ಲಿಯೂ ಹತ್ತಿಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣಾಜ್ಞೆ ಜಾರಿಗೆ ಬಂತು. 1949ರಲ್ಲಿ ಬ್ರಿಟನ್ನಿನ ಬಟ್ಟೆಯ ಪಡಿತರ ಕೊನೆಗೊಂಡಿತು. ಆಜ್ಞೆಯಿಂದ ಬಂದ ತೇಪೆಯ ಕಾಲವೂ ಮೆಲ್ಲಮೆಲ್ಲನೆ ಹಿಂದೆ ಸರಿಯಿತು. ಕೌದಿಯಾದರೋ ಯಾವ ಆಜ್ಞೆಯೂ ಇಲ್ಲದೆ ತಲೆಮಾರುಗಳನ್ನು ದಾಟಿತು. ಕೊರತೆ ಅದನ್ನು ಹುಟ್ಟಿಸಿರಬಹುದು. ಉಳಿಸಿದ್ದು ವಸ್ತುವಿನ ಮೇಲಿನ ಗೌರವ, ಮಾಡುವ ಕೈಯ ಸಂತೋಷ.

ಅಂಥ ಕೌದಿಯನ್ನೂ ಅಲುಗಾಡಿಸಿದ್ದು ಕೃತಕ ನೂಲು. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಹಳ್ಳಿಗಳನ್ನು ತಲುಪಿದ ಮೇಲೆ ಹಳೆಯ ಬಟ್ಟೆಯ ಗುಣವೇ ಬದಲಾಯಿತು. ಅದು ಬೆವರು ಹೀರದು, ಮೆತ್ತಗಾಗದು, ಪದರವಾಗಿ ನಿಲ್ಲದೆ ಜಾರುತ್ತದೆ, ಮಣ್ಣಿಗೆ ಹಾಕಿದರೂ ಕರಗದು. ಇತ್ತ ಗಿರಣಿಯ ಅಗ್ಗದ ಚಾದರಗಳು ಬಂದವು. ಹಳೆಯ ಸೀರೆಗಳು ಬೀದಿಯ ಪಾತ್ರೆಯವರಿಗೆ ಹೋಗಿ ಸ್ಟೀಲಿನ ಡಬ್ಬಿಗಳಾದವು. ಹರಿಯಾಣದ ಪಾಣಿಪತ್ತಿನಲ್ಲಿ ಇಂದು ದೇಶವಿದೇಶಗಳ ಹಳೆಯ ಬಟ್ಟೆ ಯಂತ್ರದಲ್ಲಿ ಚಿಂದಿಯಾಗಿ, ನೂಲಾಗಿ, ಕಂಬಳಿಯಾಗುತ್ತದೆ. 1999ರಲ್ಲಿ ದೆಹಲಿಯಲ್ಲಿ ಆರಂಭವಾದ ‘ಗೂಂಜ್’ ಸಂಸ್ಥೆ ನಗರದ ಹಳೆಯ ಬಟ್ಟೆಗಳಿಂದ ಸುಜನಿಗಳನ್ನೂ ಇತರ ಅಗತ್ಯ ವಸ್ತುಗಳನ್ನೂ ಮಾಡಿಸುತ್ತ ಬಂದಿದೆ. ಇಂಥ ಪ್ರಯತ್ನಗಳ ನಡುವೆಯೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 9.2 ಕೋಟಿ ಟನ್ ಬಟ್ಟೆ ಕಸವಾಗುತ್ತದೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜು.

ಇಂದು ಕೌದಿಗೆ ಮತ್ತೆ ಮನ್ನಣೆ ಬಂದಿದೆ. ಮನೆಯ ಹಳೆಯ ವಸ್ತುಗಳಿಂದ ಅಲಂಕಾರ ಮಾಡುವ ಹವ್ಯಾಸ ಮಕ್ಕಳಲ್ಲಿಯೂ ದೊಡ್ಡವರಲ್ಲಿಯೂ ಬೆಳೆಯುತ್ತಿದೆ. ಇದು ಸಂತೋಷದ ಸಂಗತಿ. ಜೊತೆಗೆ ಒಂದು ಎಚ್ಚರವೂ ಬೇಕು. ಹಳೆಯದರ ಚೆಲುವಿಗಾಗಿ ಹೊಸ ಬಟ್ಟೆಯನ್ನೇ ಕತ್ತರಿಸಿ ತೇಪೆ ಹಾಕಿದ ಹೊದಿಕೆಗಳು ಮಾರಾಟವಾಗುತ್ತವೆ. ಬಣ್ಣ ಬಳಿಯುವುದಕ್ಕೆಂದೇ ಸೀಸೆಗಳನ್ನು ಕೊಳ್ಳುವವರಿದ್ದಾರೆ. ಕಾಗದದ ಹೂವಿಗೆ ಪ್ಲಾಸ್ಟಿಕ್ಕಿನ ಮಿನುಗು, ಅಂಟು, ಬಣ್ಣಗಳನ್ನು ಮೆತ್ತಿದ ಮೇಲೆ ಅದು ಮೊದಲಿನ ರದ್ದಿಯಾಗಿಯೂ ಉಪಯೋಗಕ್ಕೆ ಬಾರದು. ಹಬ್ಬ ಮುಗಿದೊಡನೆ ಅದರ ದಾರಿ ಕಸದ ಗುಂಡಿಗೆ. ಅಲ್ಲಿ ನಡೆದದ್ದು ಮರುಬಳಕೆಯಲ್ಲ. ಕಸಕ್ಕೆ ಒಂದು ದಿನದ ಸಿಂಗಾರ.

ಹಳೆಯದನ್ನು ಹೊಸ ರೂಪಕ್ಕೆ ತರುವುದು ಅರ್ಧ ಕೆಲಸ ಮಾತ್ರ. ಆ ರೂಪವೂ ಹಳೆಯದಾದಾಗ ಮುಂದಿನ ಮೆಟ್ಟಿಲು ಯಾವುದೆಂದು ಮೊದಲೇ ಯೋಚಿಸುವುದು ಉಳಿದರ್ಧ. ಕೌದಿಯನ್ನು ಹೊಲಿದ ಕೈಗಳಿಗೆ ಈ ವಿವೇಕ ಸಹಜವಾಗಿತ್ತು. ಆದ್ದರಿಂದ ಒಂದು ತೋರಣವನ್ನೋ ಬುಟ್ಟಿಯನ್ನೋ ಮಾಡಲು ಕುಳಿತವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಇದಕ್ಕಾಗಿ ಹೊಸದಾಗಿ ಏನನ್ನಾದರೂ ಕೊಳ್ಳಬೇಕಾಯಿತೆ? ಇದು ಯಾರ ಉಪಯೋಗಕ್ಕಾದರೂ ಬಂದೀತೆ, ಯಾರ ಮನಸ್ಸನ್ನಾದರೂ ಅರಳಿಸೀತೆ? ಇದು ಜೀರ್ಣವಾದಾಗ ಮಣ್ಣು ಇದನ್ನು ಒಪ್ಪಿಕೊಂಡೀತೆ? ಮೂರಕ್ಕೂ ಸರಿಯಾದ ಉತ್ತರ ದೊರೆತರೆ, ಚಿಂದಿಯಿಂದ ಮಾಡಿದ ಪುಟ್ಟ ಹೂವೂ ಸಾರ್ಥಕ.