ಸೋತ ಮೇಲೆ ಬಂದವರು

1985ರ ಜೂನ್‌ನಲ್ಲಿ ಲಂಡನ್ನಿನಲ್ಲಿ ನಡೆದ ಪ್ರೈಡ್ ಮೆರವಣಿಗೆಯ ಮುಂಚೂಣಿಯಲ್ಲಿದ್ದವರು ದಕ್ಷಿಣ ವೇಲ್ಸಿನ ಕಲ್ಲಿದ್ದಲು ಗಣಿ ಕಾರ್ಮಿಕರು ಮತ್ತು ಅವರ ಮನೆಮಂದಿ. ಸಲಿಂಗಿಗಳ ಮೆರವಣಿಗೆಗೂ ಗಣಿಯೂರಿನ ಸಂಸಾರಸ್ಥರಿಗೂ ಏನು ನಂಟು?

ಅದು ಬೆಳೆದದ್ದು ಹಿಂದಿನ ವರ್ಷದ ಮುಷ್ಕರದಲ್ಲಿ. 1984ರ ಮಾರ್ಚ್‌ನಲ್ಲಿ, ಗಣಿಗಳನ್ನು ಮುಚ್ಚುವ ನಿರ್ಧಾರದ ವಿರುದ್ಧ ಬ್ರಿಟನ್ನಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಜಗ್ಗಲಿಲ್ಲ. ನ್ಯಾಯಾಲಯದ ಆದೇಶದಂತೆ ಕಾರ್ಮಿಕ ಸಂಘದ ಹಣ ಜಪ್ತಿಯಾಯಿತು. ಸಂಘಕ್ಕೆ ಕಳಿಸಿದ ದೇಣಿಗೆ ಕಾರ್ಮಿಕರ ಮನೆ ತಲುಪುವ ಭರವಸೆ ಇರಲಿಲ್ಲ. ಹಾಗಾಗಿ ಬೆಂಬಲಿಗರು ಒಂದೊಂದು ಗಣಿ ಪ್ರದೇಶವನ್ನು ಆರಿಸಿಕೊಂಡು ಅಲ್ಲಿಗೇ ನೇರವಾಗಿ ನೆರವು ಕೊಡತೊಡಗಿದರು.

ಲಂಡನ್ನಿನ ಮಾರ್ಕ್ ಆಷ್ಟನ್ ಮತ್ತು ಮೈಕ್ ಜಾಕ್ಸನ್ 1984ರ ಪ್ರೈಡ್ ಮೆರವಣಿಗೆಯಲ್ಲಿ ಬಕೆಟ್ ಹಿಡಿದು ಚಂದಾ ಎತ್ತಿದರು. ಅದರ ಬೆನ್ನಲ್ಲೇ ಕಾರ್ಮಿಕರನ್ನು ಬೆಂಬಲಿಸುವ ಸಲಿಂಗಿಗಳ ಗುಂಪೊಂದು ಹುಟ್ಟಿತು. ಅದು ಆರಿಸಿಕೊಂಡದ್ದು ಡುಲೈಸ್ ಕಣಿವೆಯ ಸುತ್ತಿನ ನೆರವು ಸಮಿತಿಯನ್ನು. ಮುಷ್ಕರನಿರತರ ಮನೆಗಳಿಗೆ ದಿನಸಿ ಹಂಚುತ್ತಿದ್ದ ಈ ಸಮಿತಿಯಲ್ಲಿ ಹೆಂಗಸರದು ದೊಡ್ಡ ಪಾತ್ರ. ಅಕ್ಟೋಬರ್‌ನಲ್ಲಿ ಲಂಡನ್ನಿನ ಗುಂಪು ಕಣಿವೆಗೆ ಬಂದು ಊರವರ ಮನೆಗಳಲ್ಲೇ ಉಳಿಯಿತು. ಆನ್‌ಲ್ವಿನ್‌ನ ಕಾರ್ಮಿಕರ ಸಭಾಭವನದಲ್ಲಿ ಎಲ್ಲರೂ ಸೇರಿದರು. ಡಿಸೆಂಬರ್‌ನಲ್ಲಿ ಬ್ರಾನ್ಸ್ಕಿ ಬೀಟ್ ತಂಡ ಲಂಡನ್ನಿನಲ್ಲಿ ಹಾಡಿದ ಸಹಾಯಾರ್ಥ ಕಾರ್ಯಕ್ರಮದಿಂದ 5,000 ಪೌಂಡಿಗೂ ಹೆಚ್ಚು ಹಣ ಕೂಡಿತು.

1985ರ ಮಾರ್ಚ್‌ನಲ್ಲಿ ಮುಷ್ಕರ ಸೋತಿತು. ಕಾರ್ಮಿಕರು ಬರಿಗೈಯಲ್ಲಿ ಗಣಿಗೆ ಮರಳಿದರು. ಕಷ್ಟಕಾಲಕ್ಕೆ ಆದವರನ್ನು ಆಮೇಲೆ ಮರೆಯುವುದು ಹೊಸದೇನಲ್ಲ. ಮರೆಯಲು ಇಲ್ಲಿ ನೆಪವೂ ಇತ್ತು: ಏಡ್ಸ್ ಭೀತಿ ಹರಡಿ, ಪತ್ರಿಕೆಗಳು ಸಲಿಂಗಿಗಳನ್ನು ಹೀಗಳೆಯುತ್ತಿದ್ದ ಕಾಲವದು. ಆದರೂ ನಾಲ್ಕು ತಿಂಗಳೊಳಗೆ ಕಣಿವೆಯವರು ತಮ್ಮ ಗಣಿಯ ಹೆಸರಿದ್ದ ಬ್ಯಾನರ್ ಹೊತ್ತು ಲಂಡನ್ನಿಗೆ ಬಂದರು. ಗುಟ್ಟಾಗಿ ಪಡೆದ ನೆರವಿಗೆ ಗುಟ್ಟಾಗಿ ಧನ್ಯವಾದ ಹೇಳಿ ಮುಗಿಸಬಹುದಿತ್ತು. ಇವರು ನೆರವನ್ನು ಬಹಿರಂಗವಾಗಿ ಪಡೆದಿದ್ದರು, ಋಣವನ್ನೂ ಬಹಿರಂಗವಾಗಿಯೇ ಒಪ್ಪಿಕೊಂಡರು.

ಈ ಕತೆಯನ್ನು ಹೇಳುವ 2014ರ 'ಪ್ರೈಡ್' ಸಿನಿಮಾ ಮೆರವಣಿಗೆಯೊಂದಿಗೆ ಮುಗಿಯುತ್ತದೆ. ಕಾರ್ಮಿಕರು ಅಲ್ಲಿಗೇ ನಿಲ್ಲಲಿಲ್ಲ. ಅದೇ ವರ್ಷ ಬೋರ್ನ್‌ಮತ್‌ನಲ್ಲಿ ನಡೆದ ಲೇಬರ್ ಪಕ್ಷದ ಸಮ್ಮೇಳನದಲ್ಲಿ ಸಲಿಂಗಿಗಳ ಸಮಾನ ಹಕ್ಕುಗಳನ್ನು ಬೆಂಬಲಿಸುವ ನಿರ್ಣಯ ಮತಕ್ಕೆ ಬಂತು. ಆಗಿನ ಪದ್ಧತಿಯಂತೆ ಸಂಘವೊಂದು ತನ್ನ ಸದಸ್ಯರೆಲ್ಲರ ಪರವಾಗಿ ಒಟ್ಟಿಗೆ ಮತ ಹಾಕಬಹುದಿತ್ತು. ಗಣಿ ಕಾರ್ಮಿಕರ ಸಂಘದ ಮತಗಳು ನಿರ್ಣಯದ ಪರವಾಗಿ ಬಿದ್ದವು, ಅದು ಗೆದ್ದಿತು.