ದ್ವಿಚ್ಛಾಯೆಯ ನೀಲ

ನಮ್ಮ ಹಳೆಯ ರತ್ನಶಾಸ್ತ್ರದಲ್ಲಿ ‘ದ್ವಿಚ್ಛಾಯ’ ಎಂಬ ಪದವೊಂದುಂಟು. ಒಂದೇ ಕಲ್ಲಿನಲ್ಲಿ ಎರಡು ಬಣ್ಣ ತೋರುವುದೆಂದು ಅದರ ಅರ್ಥ. ಕೇಳುವುದಕ್ಕೆ ಇಂಪಾದ ಈ ಪದ ಶಾಸ್ತ್ರಕಾರರ ಬಾಯಲ್ಲಿ ಹೊಗಳಿಕೆಯಲ್ಲ, ದೂಷಣೆ. ಬುದ್ಧಿವಂತನಾದವನು ಧರಿಸಬಾರದ ಮಾಣಿಕ್ಯಗಳನ್ನು ಎಣಿಸುವಾಗ ರಾಜನಿಘಂಟು ಮೊಟ್ಟಮೊದಲು ಹೆಸರಿಸುವುದು ಈ ಎರಡು ಛಾಯೆಯ ಕಲ್ಲನ್ನೇ. ಇಂದಾದರೋ ಒಂದು ಭಾಗ ನೀಲಿ, ಇನ್ನೊಂದು ಭಾಗ ಹಳದಿಯಾದ ನೀಲಮಣಿಯನ್ನು ‘ಪೀತಾಂಬರಿ ನೀಲಂ’ ಎಂದು ಕರೆದು, ಅದನ್ನೇ ಹುಡುಕಿಕೊಂಡು ಅಂಗಡಿಗೆ ಬರುವವರಿದ್ದಾರೆ. ಅಂದಿನ ದೋಷ ಇಂದಿನ ಗುಣವಾದುದು ಹೇಗೆ? ಶಾಸ್ತ್ರಕಾರರ ಕಣ್ಣು ತಪ್ಪಿತೆ, ಅಥವಾ ನಮ್ಮ ರುಚಿ ಕೆಟ್ಟಿತೆ?

ಈ ಪ್ರಶ್ನೆಯನ್ನು ಸಗರನಾಡಿನಲ್ಲಿ, ಎಂದರೆ ಯಾದಗಿರಿ, ಶಹಾಪುರ, ಸುರಪುರಗಳ ನೆಲದಲ್ಲಿ ನಿಂತು ಕೇಳುವುದು ಉಚಿತವಾಗಿದೆ. ಇಲ್ಲಿ ನೀಲದ ಗಣಿಯಿಲ್ಲ ನಿಜ. ಗ್ರಾನೈಟಿನ ಬೆಟ್ಟಗಳು, ಭೀಮೆಯ ಕಡೆಗೆ ಸುಣ್ಣಕಲ್ಲಿನ ಹಾಸುಗಳು, ಇವೇ ಇಲ್ಲಿಯ ಸಂಪತ್ತು. ಆದರೆ ಕಲ್ಲನ್ನು ಆರಿಸುವ ಕಣ್ಣು ಇಲ್ಲಿ ಬಹು ಹಳೆಯದು. ಹುಣಸಗಿಯ ಹತ್ತಿರದ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಆದಿಮಾನವರ ಕಲ್ಲುಗಣಿಯೊಂದನ್ನು ಅಗೆಸಿ ತೋರಿಸಿದರು. ಸುಮಾರು 12 ಲಕ್ಷ ವರ್ಷಗಳ ಹಿಂದೆ ಅಲ್ಲಿ ಕುಳಿತವರು ಸಿಕ್ಕ ಸಿಕ್ಕ ಕಲ್ಲಿಗೆ ಪೆಟ್ಟು ಹಾಕಲಿಲ್ಲ. ಕೈಗೊಡಲಿಗೆ ತಕ್ಕ ದಪ್ಪದ, ತಕ್ಕ ಗಡಸಿನ ಸುಣ್ಣಕಲ್ಲಿನ ಹಲಗೆಗಳನ್ನು ಆರಿಸಿಕೊಂಡರು. ಈ ಕಲ್ಲು ಯಾವ ಕೆಲಸಕ್ಕೆ ಒದಗುತ್ತದೆ ಎಂಬುದೇ ಅವರ ಪ್ರಶ್ನೆ. ರತ್ನಪರೀಕ್ಷೆಯ ಬೀಜವೂ ಈ ಪ್ರಶ್ನೆಯಲ್ಲಿಯೇ ಇದೆ.

ಆ ಬೀಜ ಶಾಸ್ತ್ರವಾಗಿ ಬೆಳೆದುದನ್ನು ನೋಡಬೇಕಾದರೆ ಕಲ್ಯಾಣಕ್ಕೆ ಹೋಗಬೇಕು. ಸುರಪುರ ಸೀಮೆಯ ಏವೂರಿನಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದ, 1077ರ ಶಾಸನವಿದೆ. ಈ ನಾಡು ಕಲ್ಯಾಣದ ಚಾಲುಕ್ಯರಿಗೆ ಸೇರಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ವಿಕ್ರಮಾದಿತ್ಯನ ಮಗನೇ ‘ಮಾನಸೋಲ್ಲಾಸ’ವನ್ನು ಬರೆದ ಮೂರನೆಯ ಸೋಮೇಶ್ವರ. 1129ರ ಸುಮಾರಿನ ಈ ಸಂಸ್ಕೃತ ಗ್ರಂಥದಲ್ಲಿ ಅಡಿಗೆಯಿಂದ ಆನೆಯವರೆಗೆ ಎಲ್ಲಕ್ಕೂ ಎಡೆಯುಂಟು. ರತ್ನಗಳ ವಿಚಾರ ಬರುವುದು ಕೋಶಾಧ್ಯಾಯದಲ್ಲಿ, ಎಂದರೆ ಬೊಕ್ಕಸದ ಪ್ರಕರಣದಲ್ಲಿ. ಇದನ್ನು ನಾವು ಮರೆಯಬಾರದು. ಅರಸನ ಭಂಡಾರಕ್ಕೆ ಬೇಕಾದುದು ಸಾಲಾಗಿ ಕೋದರೆ ಒಂದಕ್ಕೊಂದು ಹೊಂದುವ, ಅಳತೆಗೂ ಬೆಲೆಗೂ ಸುಲಭವಾಗಿ ಸಿಕ್ಕುವ ಕಲ್ಲು. ಎರಡು ಬಣ್ಣದ ಕಲ್ಲು ಯಾವ ಸಾಲಿಗೂ ಹೊಂದದು. ಅದನ್ನು ದೋಷವೆಂದವರು ಅದರ ಅಂದವನ್ನು ಕಾಣಲಾರದವರೆಂದು ಹೇಳಬೇಕಾಗಿಲ್ಲ; ಅವರಿಗೆ ಅದು ಒದಗುವ ಕೆಲಸವಿರಲಿಲ್ಲ ಎನ್ನುವುದು ಮೇಲು.

ಅವರ ಕಣ್ಣು ಎಷ್ಟು ಚುರುಕಾಗಿತ್ತೆಂಬುದಕ್ಕೆ ಗರುಡಪುರಾಣದ ರತ್ನಪರೀಕ್ಷೆಯನ್ನು ನೋಡಬಹುದು. ಪದ್ಮರಾಗವನ್ನು ಪರೀಕ್ಷಿಸುವ ಕ್ರಮಗಳಿಂದಲೇ ಇಂದ್ರನೀಲವನ್ನೂ ಪರೀಕ್ಷಿಸಬೇಕೆಂದು ಅದು ವಿಧಿಸುತ್ತದೆ. ಕೆಂಪೂ ನೀಲವೂ ಒಂದೇ ಖನಿಜದ ಎರಡು ಬಣ್ಣಗಳೆಂದು ಯುರೋಪಿನ ವಿದ್ವಾಂಸರು ನಿರ್ಧರಿಸಿದುದು 18ನೆಯ ಶತಮಾನದ ಕೊನೆಯ ವೇಳೆಗೆ. ಆ ಖನಿಜಕ್ಕೆ ಅವರು ಇಟ್ಟುಕೊಂಡ ‘ಕೊರಂಡಂ’ ಎಂಬ ಹೆಸರೂ ನಮ್ಮ ನೆರೆಯ ತಮಿಳಿನ ‘ಕುರುಂದ’ದಿಂದ ಹೋದುದು. ನೂರು ಪಟ್ಟು ಹಾಲಿನಲ್ಲಿ ಇಟ್ಟರೂ ಹಾಲೆಲ್ಲವನ್ನೂ ನೀಲಿಯಾಗಿ ತೋರಿಸುವ ಕಲ್ಲು ‘ಮಹಾನೀಲ’ವೆಂದು ಅದೇ ಪುರಾಣದ ಮಾತು. ಇನ್ನೊಂದು ಮಾತು ಇಂದಿನ ಕೊಳ್ಳುವವರ ಕಿವಿಗೆ ಬೀಳಬೇಕು: ಪರೀಕ್ಷೆಗಾಗಲಿ, ಗುಣ ಹೆಚ್ಚಿಸುವುದಕ್ಕಾಗಲಿ ಮಣಿಯನ್ನು ಬೆಂಕಿಗಿಡಬಾರದಂತೆ.

ಶಾಸ್ತ್ರ ಬರೆದವರು ಒಂದು ಕಡೆಯಾದರೆ ವ್ಯಾಪಾರ ಮಾಡಿದವರು ಇನ್ನೊಂದು ಕಡೆ. ಸಗರನಾಡು ಗೋಲ್ಕೊಂಡ ಮತ್ತು ಬಿಜಾಪುರಗಳ ನಡುವಣ ನೆಲ. ಆ ಎರಡು ಸುಲ್ತಾನರ ಗಣಿಗಳನ್ನೂ 17ನೆಯ ಶತಮಾನದಲ್ಲಿ ನೋಡಿ ಬರೆದವನು ಫ್ರೆಂಚ್ ವರ್ತಕ ಟಾವರ್ನಿಯೆ. ಬಿಜಾಪುರಕ್ಕೆ ಸೇರಿದ್ದ ವಜ್ರದ ಗಣಿಯೊಂದರಲ್ಲಿ ಕೊಳ್ಳುವವನೂ ಮಾರುವವನೂ ಎದುರುಬದುರಾಗಿ ಕುಳಿತು, ಬಟ್ಟೆಯ ಮರೆಯಲ್ಲಿ ಕೈ ಹಿಡಿದು, ತುಟಿಪಿಟಕ್ಕೆನ್ನದೆ ಬೆಲೆ ಕುದುರಿಸುತ್ತಿದ್ದರಂತೆ. ಒಂದು ಬೆರಳು ಒತ್ತಿದರೆ 100. ನಡುಗೆಣ್ಣಿನವರೆಗೆ ಒತ್ತಿದರೆ 50. ತುದಿಯನ್ನಷ್ಟೆ ಒತ್ತಿದರೆ 10. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ಬೆಲೆಯೆಂಬುದು ಕಲ್ಲಿನೊಳಗೆ ಬರೆದಿಟ್ಟ ಅಂಕಿಯಲ್ಲ, ಇಬ್ಬರ ನಡುವಣ ಒಪ್ಪಂದವೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಚಿತ್ರ ಸಿಕ್ಕದು.

ಹಾಗಾದರೆ ಕಲ್ಲಿನೊಳಗೆ ಬರೆದಿರುವುದೇನು? ಅದರ ಹುಟ್ಟಿನ ಕಥೆ. ಶುದ್ಧವಾದ ಕೊರಂಡಂ ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳ ಸಂಯುಕ್ತ, ಅದಕ್ಕೆ ಬಣ್ಣವಿಲ್ಲ. ಕಬ್ಬಿಣವೂ ಟೈಟೇನಿಯಮ್ಮೂ ಅತ್ಯಲ್ಪವಾಗಿ ಕೂಡಿದರೆ ನೀಲಿ. ಟೈಟೇನಿಯಂ ಜೊತೆಗೂಡದೆ ಕಬ್ಬಿಣವಷ್ಟೇ ಇದ್ದರೆ ಹಳದಿ ಬರಬಹುದು. ಕ್ರೋಮಿಯಂ ಸೇರಿದರೆ ಗುಲಾಬಿ, ಹೆಚ್ಚಿದರೆ ಕೆಂಪು. ಹರಳು ಭೂಮಿಯೊಳಗೆ ಬೆಳೆಯುತ್ತಿರುವಾಗ ನಡುವೆ ಈ ಆಹಾರ ಬದಲಾದರೆ ಬಣ್ಣವೂ ಬದಲಾಗುತ್ತದೆ. ಎರಡು ಬಣ್ಣದ ನೀಲವೆಂದರೆ ತನ್ನ ಬೆಳವಣಿಗೆಯ ಎರಡು ಅವಸ್ಥೆಗಳನ್ನು ಬಚ್ಚಿಡದೆ ತೋರಿಸುವ ಕಲ್ಲು. ಸಿಂಹಳ, ಆಸ್ಟ್ರೇಲಿಯ, ಮಡಗಾಸ್ಕರ್‌ಗಳಿಂದ ಇಂಥವು ಬರುತ್ತವೆ.

ಇಷ್ಟು ತಿಳಿದವರು ಇಂಥ ಕಲ್ಲನ್ನು ಹೇಗೆ ನೋಡಬೇಕು? ಮೊದಲು ಮೇಲಿನಿಂದ. ಎರಡು ಬಣ್ಣಗಳೂ ಮೇಲ್ಮುಖದಲ್ಲಿಯೇ ಬೇರೆ ಬೇರೆಯಾಗಿ ಕಾಣಬೇಕು, ನಡುವಣ ಗೆರೆ ಸ್ಪಷ್ಟವಾಗಿರಬೇಕು, ಒಂದು ಇನ್ನೊಂದನ್ನು ನುಂಗಿರಬಾರದು. ಕೊರೆದವನ ಕೈ ತಪ್ಪಿದರೆ ನೀಲಿಯೂ ಹಳದಿಯೂ ಒಳಗೇ ಬೆರೆತು ಮಂಕು ಹಸುರಾಗುತ್ತದೆ; ಆಗ ಅದು ದ್ವಿಚ್ಛಾಯವೂ ಅಲ್ಲ, ಏಕಚ್ಛಾಯವೂ ಅಲ್ಲ. ಸಿಂಹಳದ ಕುಶಲಿಗಳು ನೀಲಿಯ ಒಂದು ಚುಕ್ಕೆಯನ್ನು ಕಲ್ಲಿನ ತಳದ ಮೊನೆಯಲ್ಲಿ ಉಳಿಸಿ, ಅದರ ಪ್ರತಿಫಲನದಿಂದ ಇಡೀ ಕಲ್ಲು ನೀಲಿಯಾಗಿ ಕಾಣುವಂತೆ ಕೊರೆಯುವುದುಂಟು. ಎರಡು ಬಣ್ಣವನ್ನು ಅಡಗಿಸುವ ಕೌಶಲವದು. ಪೀತಾಂಬರಿಗೆ ಬೇಕಾದುದು ಎರಡನ್ನೂ ಮೆರೆಸುವ ಕೌಶಲ.

ಬಳಿಕ ಪಕ್ಕದಿಂದ. ಕಲ್ಲನ್ನು ತಿಳಿನೀರಿನಲ್ಲಿ ಮುಳುಗಿಸಿ ಬಿಳಿಯ ಹಾಳೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಎಷ್ಟೋ ತಿಳಿಯುತ್ತದೆ. ನೆಲದಲ್ಲಿ ಬೆಳೆದ ಹರಳಿನ ಬಣ್ಣದ ಪಟ್ಟಿಗಳು ನೇರ, ಕೋನಗಳಲ್ಲಿ ಕೂಡುವಂಥವು. 1902ರಲ್ಲಿ ವೆರ್ನೂಯಿ ಪ್ರಕಟಿಸಿದ ಜ್ವಾಲೆಯ ವಿಧಾನದಿಂದ ಮಾಡಿದ ಕೃತಕ ಕಲ್ಲಿನ ಗೆರೆಗಳು ಬಾಗಿರುತ್ತವೆ. ಎರಡು ತುಂಡು ಅಂಟಿಸಿದ್ದರೆ ಬೆಸುಗೆಯ ಗೆರೆ ಕಾಣುತ್ತದೆ. ಬಣ್ಣವು ಹರಳಿನ ಪದರಗಳನ್ನು ಬಿಟ್ಟು, ಕೊರೆದ ಮುಖಗಳ ಅಂಚನ್ನೇ ಹಿಂಬಾಲಿಸಿದ್ದರೆ, ಅದು ಹೊರಗಿನಿಂದ ಬಲಾತ್ಕಾರವಾಗಿ ಹೊಗಿಸಿದ ಬಣ್ಣ.

ಇಲ್ಲಿಯೇ ಗರುಡಪುರಾಣದ ಬೆಂಕಿಯ ಮಾತು ನೆನಪಾಗುವುದು. 1970ರ ದಶಕದಲ್ಲಿ ಸಿಂಹಳದ ಮಂಕು ಬಿಳಿಯ ಕಲ್ಲುಗಳನ್ನು ಥಾಯ್ಲೆಂಡಿನಲ್ಲಿ ಕಾಯಿಸಿ ನೀಲಿ ಮಾಡುವುದು ದೊಡ್ಡ ಉದ್ಯಮವಾಯಿತು. 2001ರ ಹೊತ್ತಿಗೆ ಬೆರಿಲಿಯಂ ಸೇರಿಸಿ ಕಾಯಿಸಿದ ಕಲ್ಲುಗಳೂ ಬಂದವು. ಬೆಂಕಿ ಕಾಣದ ನೀಲಕ್ಕೆ ಇಂದು ಹೆಚ್ಚು ಬೆಲೆ. ಬೆಂಕಿ ಕಂಡಿತೆ ಇಲ್ಲವೆ ಎಂಬುದನ್ನು ಪ್ರಯೋಗಶಾಲೆಯೇ ಹೇಳಬೇಕು. ಶಾಸ್ತ್ರದ ಒಂದು ನಿಷೇಧ ಮಾರುಕಟ್ಟೆಯಲ್ಲಿ ಬಿದ್ದುಹೋಗಿದೆ, ಇನ್ನೊಂದು ಗಟ್ಟಿಯಾಗಿ ನಿಂತಿದೆ.

ಕೊನೆಯದಾಗಿ ಆ ಹೆಸರಿನ ಸಂಗತಿ. ‘ಪೀತಾಂಬರಿ’ ಸಂಸ್ಕೃತದ್ದು, ‘ನೀಲಂ’ ಉರ್ದುವಿನ ರೂಢಿಯದು; ಹೆಸರೂ ದ್ವಿಚ್ಛಾಯವೇ. ನೀಲಮೇಘಶ್ಯಾಮನು ಹಳದಿಯ ಮಡಿಯುಟ್ಟ ರೂಪವನ್ನು ಕಲ್ಲಿನಲ್ಲಿ ಕಂಡವರು ಇಟ್ಟ ಹೆಸರಿದು. ಶ್ರಾವಣದಲ್ಲಿ ಗೋಕುಲಾಷ್ಟಮಿಯ ಬಳಿಕ ಸುರಪುರದ ವೇಣುಗೋಪಾಲಸ್ವಾಮಿಯ ಎದುರು ಕಂಬವೇರುವ ಉತ್ಸವವನ್ನು ನೋಡುವ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ನೀಲ ಶನಿಯದು, ಪುಷ್ಯರಾಗ ಗುರುವಿನದು, ಎರಡೂ ಒಂದರಲ್ಲಿಯೇ ಸಿಕ್ಕಿತೆಂದು ಲೆಕ್ಕ ಹಾಕಿ ಇಮ್ಮಡಿ ಹಣ ಕೇಳುವವರಿದ್ದಾರೆ. ನಂಬಿಕೆ ಅವರವರದು; ಮಗಳ ಮದುವೆಗೆಂದು ಕೂಡಿಟ್ಟ ಹಣ ಮಾತ್ರ ಮನೆಯ ಎಲ್ಲರದು. ಗ್ರಹದ ಬೆಲೆಯನ್ನು ಕಲ್ಲಿನ ಬೆಲೆಯೊಳಗೆ ಸೇರಿಸಗೊಡದವನೇ ನಿಜವಾದ ರತ್ನಪರೀಕ್ಷಕ. ಇಸಾಂಪುರದ ಆದಿಮಾನವನಾಗಲಿ, ಕಲ್ಯಾಣದ ಭಂಡಾರಿಯಾಗಲಿ, ಕಲ್ಲನ್ನು ಮೊದಲು ಕಲ್ಲಾಗಿಯೇ ನೋಡಿದರು. ಆ ನೋಟವಿದ್ದವರಿಗೆ ಎರಡು ಬಣ್ಣ ದೋಷವಾಗಿಯೂ ಕಾಣಬಹುದು, ಗುಣವಾಗಿಯೂ ಕಾಣಬಹುದು. ಮೋಸ ಮಾತ್ರ ಗುಣವಾಗಿ ಕಾಣದು.